ಅಮ್ಮನ ನೋವಿಗೆ ಒಂದು ಇಂಗ್ಲಿಷ್ ಪದ

ಇನ್ಶೂರೆನ್ಸ್ ಆಫೀಸಿನಲ್ಲಿ ಮೂವತ್ತು ವರ್ಷ ಕಾಗದ ಬರೆದವಳು ನಾನು. ಯಾರ ಕಷ್ಟವನ್ನಾದರೂ ಮೆತ್ತಗಿನ ಇಂಗ್ಲಿಷಿನಲ್ಲಿ ಒರೆಸಿಬಿಡುವುದರಲ್ಲಿ ಪಳಗಿದ ಕೈ. ಮೇಲಿನವರು ಹೊಗಳಿದ್ದೂ ಉಂಟು, ನಾನು ಉಬ್ಬಿದ್ದೂ ಉಂಟು.

ಅದೇ ಕೈ ಅಮ್ಮನ ವಿಷಯದಲ್ಲಿ ಕೆಡಿಸಿತು. ಸೊಂಟದ ಮೂಳೆ ಸವೆದು ಅಮ್ಮ ನಮ್ಮ ವೆಸ್ಟ್ ಮಾಂಬಲಂ ಫ್ಲಾಟಿನಲ್ಲಿ ಹಾಸಿಗೆ ಹಿಡಿದಿದ್ದಳು. ಮೆಟ್ಟಿಲಿಳಿಸುವಂತಿರಲಿಲ್ಲ. ಕೀಲ್ಪಾಕಿನ ವೈದ್ಯೆ ಉತ್ತರದ ಕಡೆಯವರು, ನಮ್ಮ ಕನ್ನಡವಿರಲಿ, ಈ ಊರಿನ ತಮಿಳೂ ಬಾರದು. ನೋವು ಹೇಗಿದೆಯೆಂದು ದಿನಕ್ಕೊಂದು ಸಾಲು ಇಂಗ್ಲಿಷಿನಲ್ಲಿ ಬರೆದು ತನ್ನಿ, ಅದನ್ನು ನೋಡಿ ಮಾತ್ರೆ ಬದಲಿಸುತ್ತೇನೆ ಎಂದು ನನ್ನ ಕೈಗೆ ಹಾಳೆ ಕೊಟ್ಟರು.

ದಿನಾ ಬೆಳಿಗ್ಗೆ ಕೇಳುತ್ತಿದ್ದೆ. ಅಮ್ಮನದು ಒಂದೇ ಉತ್ತರ: “ಅಡ್ಡಿಲ್ಲ ಮಗಾ. ಎಂತ ಬರಿಯುದುಂಟು ಅದ್ರಲ್ಲಿ?”

ನಮ್ಮ ಮನೆಯೇ ಹಾಗೆ. ನೋವನ್ನು ಬಾಯಿಬಿಟ್ಟು ಹೇಳಿದರೆ ಅದು ಅಲ್ಲೇ ಬೇರುಬಿಡುತ್ತದೆಂಬ ಭಯ. ನಾನೂ ಆಫೀಸಿನ ಸಾಲನ್ನೇ ಹಾಕಿದೆ: ಸ್ವಲ್ಪ ಡಿಸ್‌ಕಂಫರ್ಟ್ ಎಕ್ಸ್‌ಪೀರಿಯೆನ್ಸ್ ಮಾಡುತ್ತಿದ್ದಾರೆ. ಹದಿನೈದು ದಿನವೂ ಅದನ್ನೇ. ವೈದ್ಯೆ ಓದಿ, ಪರವಾಗಿಲ್ಲವಲ್ಲ ಎಂದು ಹಳೆಯ ಮಾತ್ರೆಯನ್ನೇ ಮುಂದುವರಿಸಿದರು.

ಮನೆಗೆ ಬಂದರೆ ಅಮ್ಮ ಮಗ್ಗುಲು ಬದಲಿಸಲು ಹೋಗಿ, ಕೂಗು ಹೊರಬರದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನಾನು ಬಾಗಿಲಲ್ಲಿ ನಿಂತದ್ದು ಅವಳಿಗೆ ಗೊತ್ತಿರಲಿಲ್ಲ. ಅಯ್ಯೋ, ನನ್ನ ಇಂಗ್ಲಿಷಿಗೆ ಬೆಂಕಿ ಹಾಕ!

ಹೊಸ ಹಾಳೆ ಹಿಡಿದೆ. ಕೂತರೆ ಪೆನ್ನು ಓಡದು, ಎದ್ದರೆ ಕಾಲು ನಿಲ್ಲದು. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. ಅಂಡರ್‌ಗೋಯಿಂಗ್? ಅದು ಆಪರೇಷನ್ನಿಗೆ, ಟ್ರೈನಿಂಗಿಗೆ. ಎಂಡ್ಯೂರಿಂಗ್? ಸನ್ಮಾನಪತ್ರದ ವಾಸನೆ. ಟಾಲರೇಟಿಂಗ್? ಮೇಲಿನ ಮನೆಯವರ ಡ್ರಿಲ್ಲಿಂಗ್ ಸದ್ದನ್ನು ಸಹಿಸುತ್ತೇವಲ್ಲ, ಆ ಜಾತಿಯದು. ಬೇರಿಂಗ್ ಎಂದರೆ ಇನ್ನೂ ಹೊರಬಲ್ಲಳು ಎಂದಾಯಿತು. ಉಳಿದದ್ದು ಸಫರಿಂಗ್. ಅದನ್ನು ಯಾವ ಕಾಗದದಲ್ಲೂ ನಾನು ಬರೆದವಳಲ್ಲ. ಬರೆದರೆ ಯಾರಾದರೂ ಏನಾದರೂ ಮಾಡಬೇಕಾಗುತ್ತದಲ್ಲ! ಅದನ್ನೇ ಬರೆದೆ.

ಮರುದಿನವೇ ಕೀಲ್ಪಾಕಿಗೆ ಓಡಿದೆ. ವೈದ್ಯೆ ಓದಿ, ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ಬೇರೆ ಔಷಧಿ ಬರೆದುಕೊಟ್ಟರು. ಎರಡು ದಿನದಲ್ಲಿ ಅಮ್ಮ ಸೆರಗು ಕಚ್ಚದೆ ಮಗ್ಗುಲು ಬದಲಿಸಿದಳು.

“ಈ ಸಲ ಎಂತ ಬರ್ದದ್ದು ನೀನು?” ಎಂದಳು.

“ನಿಂಗೆ ತಡ್ಕೊಳ್ಳಿಕ್ಕೆ ಆಗ್ತಾ ಇಲ್ಲ ಅಂತ.”

ಬೈಯುತ್ತಾಳೆಂದುಕೊಂಡೆ. ಅಮ್ಮ ನನ್ನ ಮುಖವನ್ನೇ ನೋಡಿದಳು.

“ಗೊತ್ತಿತ್ತಲ್ಲ ಮಗಾ ನಿಂಗೆ. ಅಷ್ಟು ದಿನ ಯಾಕೆ ಕಾದದ್ದು?”