ಮಿಸ್ತ್ರಿಯ ಟವೆಲ್

ನಾನು ಪಾವರಲೂಮ್ ಮಿಸ್ತ್ರಿ. ಮಗ್ಗ ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ರಬಕವಿ-ಬನಹಟ್ಟಿಯಲ್ಲಿ ಎಷ್ಟು ಸಲ ಹೇಳಿದರೂ, ಕೇಳಿದವರು ನನ್ನ ಬೆನ್ನ ಹಿಂದೆ ಯಾರಾದರೂ ಗಂಡಸು ನಿಂತಿದ್ದಾನೆಯೇ ಎಂದು ಇಣುಕಿ ನೋಡುತ್ತಾರೆ.

ನಮ್ಮ ಕಡೆ ಹೆಂಗಸರು ಮಗ್ಗ ಮುಟ್ಟಬಾರದು ಎಂದು ಯಾರೂ ಹೇಳುವುದಿಲ್ಲ. ಹಾಗೆ ಹೇಳಿದರೆ ಊರಿನ ಅರ್ಧಕ್ಕರ್ಧ ಮಗ್ಗ ನಿಂತುಹೋಗುತ್ತವೆ. ನೂಲನ್ನು ಕಂಡಿಕೆಗೆ ಸುತ್ತುವವರು ನಾವು, ಹರಿದ ಎಳೆ ಹುಡುಕಿ ಕಣ್ಣು ಕೆಂಪಾಗುವವರೆಗೆ ಗಂಟು ಹಾಕುವವರು ನಾವು, ಒಲೆಯ ಮೇಲೆ ಬೇಳೆ ಇಟ್ಟು ಬಂದು ಎರಡು ಮಗ್ಗ ನಡೆಸುವವರೂ ನಾವೇ. ಅದೆಲ್ಲ ಮನೆಗೆಲಸ. ಕೈಗೆ ಪಾನಾ ಬಂದರೆ ಮಾತ್ರ ಅದು ಉದ್ಯೋಗ. ನಟ್ಟು ಬಿಚ್ಚುವ ಆ ಕಬ್ಬಿಣದ ತುಂಡಿಗೆ ಮೀಸೆ ಇದೆ ಎಂದು ಊರೆಲ್ಲ ನಂಬಿಕೊಂಡಿದೆ.

ಅಪ್ಪ ಮಿಸ್ತ್ರಿಯಾಗಿದ್ದ. ನನಗೆ ಅಣ್ಣತಮ್ಮಂದಿರಿಲ್ಲ, ಹಾಗಾಗಿ ಅವನ ಪಾನಾದ ಚೀಲ ಹೊರುವುದು ನನ್ನ ಪಾಲಿಗೆ ಬಂತು. ಹತ್ತನೇ ಇಯತ್ತೆ ಮುಗಿಯುವ ಹೊತ್ತಿಗೆ ಮಗ್ಗದ ಸದ್ದು ಕೇಳಿಯೇ ಅದರ ಜಡ್ಡು ಏನೆಂದು ಹೇಳುತ್ತಿದ್ದೆ. ಆಮೇಲೆ ಜಮಖಂಡಿಯಲ್ಲಿ ಐಟಿಐ ಫಿಟರ್ ಮಾಡಿದೆ. ತರಗತಿಗೆ ನಾನೊಬ್ಬಳೇ ಹುಡುಗಿ. ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ ಮಾಸ್ತರರು ಎರಡು ವರ್ಷವೂ ದಿನಾ ಹೊಸದಾಗಿ ಬೆಚ್ಚುತ್ತಿದ್ದರು.

ಅಪ್ಪನ ಕೈ ನಡುಗಲು ಶುರುವಾದಾಗ ಚೀಲದ ಜೊತೆ ಕೆಲಸವೂ ನನಗೆ ಬಂತು. ನಾನೊಬ್ಬಳೇ ಹೋದರೆ ಶೆಡ್ಡಿನವರು, "ಅಪ್ಪಾರು ಬರಲಿಲ್ಲೇನ?" ಎನ್ನುತ್ತಿದ್ದರು. ಆಮೇಲೆ ಅಪ್ಪನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಕೆಟ್ಟ ಮಗ್ಗದ ಮುಂದೆ ಹಿಡಿಯುತ್ತಿದ್ದರು. ನಾನು ಆಗಲೇ ಬಿಚ್ಚಿಟ್ಟಿದ್ದ ಸವೆದ ಚರ್ಮದ ಪಟ್ಟಿಯನ್ನೇ ಅಪ್ಪ ಮನೆಯಲ್ಲಿ ಹೊರಸಿನ ಮೇಲೆ ಮಲಗಿಕೊಂಡು ಹೇಳುತ್ತಿದ್ದ. ಅವರು ಫೋನಿಗೆ ಕೈಮುಗಿಯುತ್ತಿದ್ದರು. ಫೋನಿಗೆ ಚಹಾ ಕುಡಿಸಲು ಬರುವುದಿಲ್ಲವಲ್ಲ, ಅದಕ್ಕೇ ಚಹಾ ಮಾತ್ರ ನನಗೆ ಸಿಗುತ್ತಿತ್ತು.

ಮದುವೆಯಾದ ಮೇಲೂ ಅಪ್ಪ ನಮ್ಮ ಜೊತೆಗೇ ಇದ್ದ; ಇನ್ನೊಂದು ಸೌಕರ್ಯವೂ ಆಯಿತು. ನಮ್ಮ ಮನೆಯವರು ಸಮೀರವಾಡಿಯ ಕಡೆ ಒಂದು ಆಫೀಸಿನಲ್ಲಿ ಕ್ಲಾರ್ಕು. ಒಳ್ಳೆಯ ಮನುಷ್ಯ, ಮನೆಯ ಫ್ಯಾನಿನ ರೆಗ್ಯುಲೇಟರನ್ನು ಯಾವ ಕಡೆ ತಿರುಗಿಸಬೇಕೆಂದು ಈಗಲೂ ನನ್ನನ್ನೇ ಕೇಳುತ್ತಾರೆ. ರಜೆಯ ದಿನ ನನ್ನನ್ನು ಬೈಕಿನಲ್ಲಿ ಚಿಮ್ಮಡಕ್ಕೋ ರಬಕವಿಗೋ ಬಿಡಲು ಬಂದರೆ ಶೆಡ್ಡಿನವರ ಮುಖ ಅರಳುತ್ತಿತ್ತು. ಮಗ್ಗದ ಕೆಳಗೆ ಮಲಗಿರುವ ನನ್ನನ್ನು ದಾಟಿ ಹೋಗಿ, "ಲಾಳಿ ನಡುವ ನಿಂದ್ರಾಕತ್ತೈತ್ರಿ ಸಾಹೇಬ್ರ" ಎಂದು ಅವರಿಗೆ ವರದಿ ಒಪ್ಪಿಸುತ್ತಿದ್ದರು. ಇವರು ಗಂಭೀರವಾಗಿ ತಲೆ ಆಡಿಸುತ್ತಿದ್ದರು. ತಿಳಿಯದ ವಿಷಯಕ್ಕೆ ತಲೆ ಆಡಿಸುವುದನ್ನು ಆಫೀಸಿನಲ್ಲಿ ಚೆನ್ನಾಗಿ ಕಲಿತಿದ್ದರು.

ಈಗ ಟವೆಲಿನ ವಿಷಯಕ್ಕೆ ಬರುತ್ತೇನೆ. ಮಹಾನವಮಿಯ ಖಂಡೆ ಪೂಜೆಯ ದಿನ ಮಗ್ಗಗಳೆಲ್ಲ ನಿಲ್ಲುತ್ತವೆ. ಅವುಗಳನ್ನು ಒರೆಸಿ, ಪಾನಾಗಳನ್ನು ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಪೂಜೆಯಾದ ಮೇಲೆ ಅಪ್ಪ ಕೆಲಸ ಮಾಡುತ್ತಿದ್ದ ರಬಕವಿಯ ದೊಡ್ಡ ಶೆಡ್ಡಿನ ಮಾಲಕರು ಮಿಸ್ತ್ರಿಯ ಹೆಗಲಿಗೆ ಒಂದು ಟವೆಲ್ ಹಾಕಿ ಕಾಯಿ ಕೊಡುತ್ತಾರೆ. ಆ ಟವೆಲ್ ಯಾರ ಹೆಗಲಿಗೆ ಬಿತ್ತೋ ಅವರೇ ವರ್ಷವಿಡೀ ಆ ಶೆಡ್ಡಿನ ಮಿಸ್ತ್ರಿ. ಅದಕ್ಕೆ ಕಾಗದವಿಲ್ಲ, ಸಹಿ ಇಲ್ಲ. ಉಳಿದ ಶೆಡ್ಡಿನವರೂ ಅದನ್ನು ನೋಡಿಯೇ ಕರೆಯುತ್ತಾರೆ. ಟವೆಲ್ ಇಲ್ಲದಿದ್ದರೆ ನಾನು ಅಪ್ಪನಿಗೆ ನೆರವಾಗುವ ಮಗಳು, ಅಷ್ಟೇ. ಅಪ್ಪ ಮೂವತ್ತಕ್ಕೂ ಹೆಚ್ಚು ಟವೆಲ್‌ಗಳನ್ನು ಟ್ರಂಕಿನಲ್ಲಿ ಮಡಚಿ ಇಟ್ಟಿದ್ದಾನೆ. ಒಂದನ್ನೂ ಬಳಸಿಲ್ಲ. ಎಣ್ಣೆಯ ಕೈ ಒರೆಸಲು ಅವನಿಗೆ ಹರಕು ಬಟ್ಟೆಯೇ ಆಗುತ್ತಿತ್ತು.

ಆ ವರ್ಷ ಆ ಶೆಡ್ಡಿನ ಇಪ್ಪತ್ತನಾಲ್ಕು ಮಗ್ಗಗಳನ್ನು ನಾನೊಬ್ಬಳೇ ನೋಡಿಕೊಂಡಿದ್ದೆ. ಚಿಮ್ಮಡದ ಒಂದು ಶೆಡ್ಡಿನಲ್ಲಿ ಹೊರಗಿನ ಮಿಸ್ತ್ರಿ ಸೋತು ಬಿಟ್ಟುಹೋಗಿದ್ದ ಮಗ್ಗವನ್ನೂ ಎಬ್ಬಿಸಿ ನಡೆಸಿದ್ದೆ. ಆದ್ದರಿಂದ ಖಂಡೆ ಪೂಜೆಗೆ ಇಳಕಲ್ ಸೀರೆ ಉಟ್ಟು ಹೋದೆ. ಸೆರಗನ್ನು ಎಡಕ್ಕೆ ಸರಿಸಿ, ಬಲಗಡೆಯ ಹೆಗಲು ಖಾಲಿ ಇಟ್ಟುಕೊಂಡು ನಿಂತಿದ್ದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಪೂಜೆಗಿಟ್ಟ ಪಾನಾಗಳು ನನ್ನವು. ಮಾಲಕರು ಟವೆಲ್ ಹಿಡಿದು ನನ್ನ ಕಡೆಗೇ ಬಂದರು. ಬಂದವರು ನನ್ನನ್ನು ದಾಟಿ, ಆಫೀಸಿನ ಪೂಜೆ ಮುಗಿಸಿ ನನ್ನನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರ ಹೆಗಲಿಗೆ ಹಾಕಿಬಿಟ್ಟರು. ಅವರ ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಹೆಗಲ ಮೇಲೆ ಹಲ್ಲಿ ಬಿದ್ದವರಂತೆ ನಿಂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನನ್ನೂ ಮರೆಯಲಿಲ್ಲ. ಮಿಸ್ತ್ರಿಯ ಹೆಂಡತಿ ಎಂದು ಮಾಲಕರ ಮನೆಯ ಹೆಂಗಸರು ಒಂದು ಕುಪ್ಪಸದ ಖಣ ಕೊಟ್ಟು ಉಡಿ ತುಂಬಿದರು.

ಮನೆಗೆ ಬಂದು ಕೂಗಾಡಿದೆ. ಮಾಲಕರ ಏಳು ತಲೆಮಾರನ್ನು ನೆನೆಸಿಕೊಂಡು ಬೈದೆ. ನಮ್ಮ ಮನೆಯವರು ಟವೆಲ್ ತೆಗೆದು, "ತಗೋ, ಇದು ನಿಂದ" ಎಂದರು. ಅಡುಗೆಮನೆಯಲ್ಲಿ ಕೊಟ್ಟ ಮರ್ಯಾದೆಯನ್ನು ನಾನೇನು ಮಾಡಲಿ? ಗೂಟಕ್ಕೆ ನೇತುಹಾಕಿ ಎಂದೆ. ಹೊರಸಿನ ಮೇಲಿದ್ದ ಅಪ್ಪ, "ಕಾಯಿ ಕೊಟ್ರಿಲ್ಲೋ?" ಎಂದು ಕೇಳಿ ಗೋಡೆಯ ಕಡೆ ಹೊರಳಿದ.

ದಶಮಿಯ ಬನ್ನಿ ಕೊಟ್ಟು ಎರಡು ದಿನವಾಗಿರಲಿಲ್ಲ, ಏಳನೇ ಮಗ್ಗ ನಿಂತಿತು. ಫೋನು ಟವೆಲ್ ಇದ್ದವರಿಗೆ ಹೋಯಿತು. "ಟವೆಲ್ ನಿಮ್ಮದು, ನೀವೇ ಹೋಗ್ರಿ" ಎಂದೆ. ಪಾಪ, ರಜೆ ಹಾಕಿ, ಟವೆಲ್ ಹೊದ್ದು ಹೋದರು. ಹತ್ತು ನಿಮಿಷ ಮಗ್ಗವನ್ನು ಸುತ್ತುಹಾಕಿ, ಆಫೀಸಿನಲ್ಲಿ ಕಂಪ್ಯೂಟರ್ ನಿಂತಾಗ ಹೇಳುವುದನ್ನೇ ಹೇಳಿದರಂತೆ: "ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ." ಶೆಡ್ಡಿನವರು ಭಕ್ತಿಯಿಂದ ನಾಲ್ಕು ಸಲ ಮಾಡಿದರಂತೆ. ಬೇರೆ ಮಿಸ್ತ್ರಿಯನ್ನು ಕರೆಯುವಂತಿರಲಿಲ್ಲ, ಟವೆಲ್ ಒಬ್ಬರ ಹೆಗಲ ಮೇಲಿರುವಾಗ ಇನ್ನೊಬ್ಬರು ಆ ಶೆಡ್ಡಿನೊಳಗೆ ಕಾಲಿಡುವುದಿಲ್ಲ. ಮರುದಿನ ಇನ್ನೆರಡು ಮಗ್ಗ ನಿಂತವು.

ಮೂರನೆಯ ದಿನ ಮಾಲಕರೇ ಬನಹಟ್ಟಿಗೆ ನಮ್ಮ ಮನೆಗೆ ಬಂದರು. ಕುಳಿತು ನೀರು ಕುಡಿದು, "ನಡಿ ತಂಗಿ, ಮಗ್ಗ ನಿಂತಾವ" ಎಂದರು.

"ಮಿಸ್ತ್ರಿನ್ನ ಕರೀರಿ ಮಾಲಕರ. ಖಣ ತಗೊಂಡಾಕಿನ್ನ ಯಾಕ ಕರೀತೀರಿ?"

"ನಂದೇನ ತಪ್ಪೈತಿ ಇದರಾಗ?" ಮಾಲಕರು ನಿಜಕ್ಕೂ ನೊಂದುಕೊಂಡಿದ್ದರು. "ನಾ ನಿನಗ ಹಾಕಬೇಕಂತಿದ್ದೆ. ಹಿಂದಿನ ದಿನ ಫೋನ್ ಹಚ್ಚಿ ಅಪ್ಪಾರ್ನ ಕೇಳಿದೆ. ಅಳಿಯಾರಿಗೆ ಹಾಕ್ರಿ ಅಂತ ಅವರ ಹೇಳಿದ್ರು."

ನಾನು ಅಪ್ಪನ ಕಡೆ ನೋಡಿದೆ. ಅವನು ತನ್ನ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡಿದ್ದ.

"ಹೌದು, ನಾನ ಹೇಳೇನಿ," ಎಂದ. "ಮಗ್ಗ ನಿಂತ್ರ ಟವೆಲ್ ಇದ್ದಾವಗ ಊರೆಲ್ಲಾ ಬೈತಾರ. ಮೂವತ್ತು ವರ್ಷ ನಾ ತಿಂದೇನಿ ಆ ಬೈಗಳಾ. ನಿನಗ ಬ್ಯಾಡ ಅಂದೆ."

ಪೂಜೆಯ ದಿನದಿಂದ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಮಾಲಕರಿಗಾಗಿ ಇತ್ತು.

"ಬೈಗಳ ವರ್ಷದಿಂದ ನನಗ ಬರಾಕತ್ತಾವಪ್ಪಾ," ಎಂದೆ. "ಟವೆಲ್ ಒಂದ ಬಂದಿಲ್ಲ."

ಅಪ್ಪ ಹೊರಸಿನಿಂದ ಕಾಲು ಇಳಿಸಿ ಚಪ್ಪಲಿ ಹುಡುಕಿದ. ವರ್ಷದಿಂದ ಅವನು ಓಣಿ ದಾಟಿರಲಿಲ್ಲ. "ಗೂಟದಾಗಿನ ಟವೆಲ್ ತಗೋರಿ," ಎಂದು ಬಾಗಿಲಲ್ಲಿ ನಿಂತಿದ್ದ ಅಳಿಯನಿಗೆ ಹೇಳಿ, ಅವರ ಬೈಕಿನ ಹಿಂದೆ ಕುಳಿತ. ನಾನು ಸ್ಕೂಟಿಗೆ ಚೀಲ ಹಾಕಿಕೊಂಡು ಹಿಂದೆ ಹೋದೆ.

ಏಳನೇ ಮಗ್ಗಕ್ಕೆ ಹಿಡಿದದ್ದು ಅರ್ಧ ತಾಸು. ಉಳಿದೆರಡಕ್ಕೆ ಇನ್ನೊಂದು ತಾಸು. ಮೂರೂ ಓಡತೊಡಗಿದಾಗ ಮಾಲಕರು ನಮ್ಮ ಮನೆಯವರಿಂದ ಟವೆಲ್ ಇಸಿದುಕೊಂಡು, ಎಲ್ಲ ನೇಕಾರರನ್ನು ಕರೆದು, ನನ್ನ ಮುಂದೆ ಬಂದು ನಿಂತರು. ನಿಂತವರು ನಿಂತೇಬಿಟ್ಟರು. ಪರರ ಹೆಣ್ಣುಮಗಳ ಹೆಗಲಿಗೆ ಟವೆಲ್ ಹಾಕುವುದು ಹೇಗೆ ಎಂಬ ಪ್ರಶ್ನೆಗೆ ಅವರ ವಂಶದಲ್ಲಿ ಯಾರೂ ಉತ್ತರ ಬಿಟ್ಟುಹೋಗಿರಲಿಲ್ಲ. ಕೊನೆಗೆ ಅವರಿಗೇ ಒಂದು ಉಪಾಯ ಹೊಳೆಯಿತು. ಬಗ್ಗಿ, ಟವೆಲನ್ನು ನನ್ನ ಪಾನಾದ ಚೀಲಕ್ಕೆ ಹೊದಿಸಿದರು. ಮತ್ತೆ ಚಪ್ಪಾಳೆ ಬಿತ್ತು. ಚೀಲ ಆ ಶೆಡ್ಡಿನ ಮಿಸ್ತ್ರಿಯಾಯಿತು.

ನಾನು ಚೀಲದ ಮೇಲಿಂದ ಟವೆಲ್ ತೆಗೆದುಕೊಂಡು ಕೈ ಒರೆಸಿಕೊಂಡೆ. ಮೊಣಕೈವರೆಗೂ ಎಣ್ಣೆ ಇತ್ತು. ಬಿಳಿ ಟವೆಲ್ ಕ್ಷಣದಲ್ಲಿ ಕಪ್ಪಾಯಿತು. ಮಾಲಕರ ಬಾಯಿ ತೆರೆದೇ ಉಳಿಯಿತು.

"ಮರ್ಯಾದಿ ಟವೆಲ್ ಬೇ ಅದು," ಎಂದ ಅಪ್ಪ.

"ಹೌದಪ್ಪಾ," ಎಂದು ಇನ್ನೊಂದು ಕೈಯನ್ನೂ ಒರೆಸಿಕೊಂಡೆ.

ಅಪ್ಪ ಏಳನೇ ಮಗ್ಗದ ಹತ್ತಿರ ಹೋಗಿ ಅದರ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಓಡುವ ಮಗ್ಗದ ಮೇಲೆ ಇಟ್ಟ ಯಾರ ಕೈಯಾದರೂ ನಡುಗುತ್ತದೆ, ಅಪ್ಪನದು ಯಾರದಕ್ಕಿಂತಲೂ ಬೇರೆಯಾಗಿ ಕಾಣಲಿಲ್ಲ. ಕೈ ತೆಗೆದಾಗ ಅಂಗೈಗೆ ಎಣ್ಣೆ ಮೆತ್ತಿತ್ತು. ಅದನ್ನು ನೋಡಿಕೊಂಡು, ನನ್ನ ಬಳಿ ಬಂದು, ಟವೆಲಿನ ಇನ್ನೊಂದು ತುದಿ ಹಿಡಿದು ಒರೆಸಿಕೊಂಡ.