ಬೆಂಕಿ ರೋಗದ ನಡುವೆ ಬಸಮ್ಮನ ಭತ್ತ

ಭತ್ತದ ಗರಿಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರೆ ಸಾಕು, ಬಸಮ್ಮನಿಗೆ ರೋಗ ತಿಳಿದುಬಿಡುತ್ತಿತ್ತು. ನನಗೆ ಭೂತಗನ್ನಡಿ ಬೇಕಾಗುತ್ತಿತ್ತು.

ಎಪ್ಪತ್ತರ ದಶಕದ ಕೊನೆ. ಕೃಷಿ ಪದವಿ ಮುಗಿಸಿ, ಉಡುಪಿಯಿಂದ ಬಂದು, ಮುಂಬೈ ಬಳಿಯ ಅಂಬರನಾಥದ ಒಂದು ಶಿಲೀಂಧ್ರನಾಶಕ ಕಾರ್ಖಾನೆ ಸೇರಿದ್ದೆ. ಅಲ್ಲಿ ಪುಡಿ ತುಂಬುವ ಕೂಲಿ ರಾಯಚೂರು ಕಡೆಯ ಬಸಮ್ಮ. ನನ್ನ ತಾಯಿಯ ವಯಸ್ಸಿನವರು. ಹತ್ತಿರದ ಡೊಂಬಿವಲಿಯಲ್ಲಿ, ಖಾಡಿ ಎನ್ನುವ ಹಿನ್ನೀರಿನ ಬದಿಯಲ್ಲಿ, ಪಾಂಡುರಂಗನೆಂಬ ರೈತನ ಜೊತೆ ಪಾಲಿಗೆ ಗದ್ದೆ ಮಾಡುತ್ತಿದ್ದರು. ರಜೆ ಸಿಕ್ಕರೆ ಲೋಕಲ್ ರೈಲು ಹಿಡಿದು ಅಲ್ಲಿಗೇ.

ಒಂದು ಮಳೆಗಾಲ ನನ್ನನ್ನೂ ಕರೆದೊಯ್ದರು. ಗರಿಗಳ ಮೇಲೆಲ್ಲ ಕಣ್ಣಿನಾಕಾರದ ಕಂದು ಚುಕ್ಕೆ. ಬೆಂಕಿ ರೋಗ. ಪೈರು ಸೊರಗಿದೆಯೆಂದು ಪಾಂಡುರಂಗ ಯೂರಿಯಾ ಚೀಲ ಹೊತ್ತು ತಂದಿದ್ದ. ಬಸಮ್ಮ ಬದುವಿಗೆ ಅಡ್ಡ ನಿಂತರು.

"ಭಾವೂ, ಯೂರಿಯಾ ನಕೋ!" ಬೇಡ ಅಣ್ಣಾ ಎಂದು ಮರಾಠಿಯಲ್ಲಿ ಅವನನ್ನು ತಡೆದವರೇ ನನ್ನ ಕಡೆ ತಿರುಗಿದರು. "ಬೆಂಕಿಗೆ ಎಣ್ಣಿ ಸುರಿದಂಗ ಆಗತೈತ್ರಿ. ತೆನಿ ಹೊರಗ ಬರೂಕಿಂತ ಮೊದಲ ಔಷಧಿ ಹೊಡೀಬೇಕು. ತೆನಿ ಕುತ್ತಿಗಿ ಕರ್ರಗಾದ ಮ್ಯಾಲ ಹೊಡದ್ರ ಹೆಣಕ್ಕ ನೀರು ಕುಡಿಸಿದಂಗ."

ಹೊಡೆದೆವು. ಬೆಳೆ ಉಳಿಯಿತು.

ಮರುವರ್ಷ ರೋಗ ತಡೆಯುವ ತಳಿಯ ಒಂದು ಹಿಡಿ ಬೀಜ ತಂದುಕೊಟ್ಟೆ. "ಇದಕ್ಕೆ ಬೆಂಕಿ ರೋಗ ತಟ್ಟುವುದಿಲ್ಲ ಬಸಮ್ಮ."

"ಹೌದೇನ್ರಿ? ನೀವು ಕಣ್ಣಾರೆ ನೋಡೀರೇನು?"

ನೋಡಿರಲಿಲ್ಲ. ಓದಿದ್ದೆ, ಅಷ್ಟೇ.

ತೆನೆ ಬರುವ ಹೊತ್ತಿಗೆ ಹೋಗಿ ನೋಡಿದರೆ ಅವರ ಪಾಲಿನ ಮಡಿಯೆಲ್ಲ ಸುಟ್ಟಂತಿತ್ತು. ನಡುವೆ ಚಾಪೆಯಗಲದ ಹಸಿರು. ರೋಗ ಬೇಗ ಹತ್ತುವ ಹಳೆಯ ತಳಿಯನ್ನು ಸುತ್ತ ನೆಟ್ಟು, ಬೇಕೆಂದೇ ಯೂರಿಯಾ ಸುರಿದು, ಔಷಧಿ ಮುಟ್ಟಿಸದೆ, ಮಧ್ಯದಲ್ಲಿ ನನ್ನ ಬೀಜ ನಿಲ್ಲಿಸಿದ್ದರು.

"ಏನು ಮಾಡಿದಿರಿ! ಇದು ನಿಮ್ಮ ವರ್ಷದ ಅನ್ನ!"

"ರೋಗ ಇಲ್ಲದ ಕಡಿ ಇಟ್ಟು ಗಟ್ಟಿ ಐತಿ ಅಂದ್ರ ಯಾರು ನಂಬತಾರ್ರಿ? ಪಾಂಡುರಂಗನ ಮಡಿಗೆ ಔಷಧಿ ಹೊಡದೀನಿ. ಹೋದದ್ದು ನಂದಷ್ಟ."

ಸಂಶೋಧನಾ ಕೇಂದ್ರಗಳಲ್ಲಿ ತಳಿಯನ್ನು ಪರೀಕ್ಷಿಸುವುದೂ ಹೀಗೆಯೇ. ಅಕ್ಷರ ಬಾರದ ಬಸಮ್ಮನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೆಸರಿನಲ್ಲೇ ನಿಂತು ಕೈಮುಗಿದೆ. "ಅಯ್ಯ, ಬಿಡ್ರಿ ಸಾಹೇಬ್ರ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮುಂದೆ ಆ ಬೀಜ ಅಕ್ಕಪಕ್ಕದ ಗದ್ದೆಗಳಿಗೆಲ್ಲ ಹರಡಿತು.

ಕೆಲವು ವರ್ಷಕ್ಕೆ ಆ ಗದ್ದೆಗಳಿಗೆ ಮಣ್ಣು ತುಂಬಿ ಬಿಲ್ಡಿಂಗ್ ಎಬ್ಬಿಸಿದರು. ಬಸಮ್ಮ ಊರಿಗೆ ಹೊರಟರು. ಕಲ್ಯಾಣ ಸ್ಟೇಷನ್ನಿಗೆ ಬಿಡಲು ಹೋಗಿದ್ದೆ. ಕಿಟಕಿ ಪಕ್ಕ ಕೂತು, ಅದೇ ಭತ್ತದ ಬೀಜದ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

"ಸೀಟಿನ ಕೆಳಗಿಡಿ, ಆರಾಮವಾಗಿ ಕೂರಿ."

"ಬ್ಯಾಡ್ರಿ, ಅಲ್ಲಿ ಅದಕ್ಕ ಉಸಿರು ಕಟ್ಟತೈತಿ."

ಗಾಡಿ ಹೊರಟಿತು. ನಾನು ಕೈ ಬೀಸಿದೆ. ಅವರು ತಲೆಯಾಡಿಸಿದರು, ಎರಡೂ ಕೈ ಗಂಟಿನ ಮೇಲಿದ್ದವು.