ಖಂಡೇನವಮಿಗೆ ರಜೆ ಸಿಗದ ಯಂತ್ರ

ವರ್ಷವಿಡೀ ನಿಮಗಾಗಿ ದುಡಿದ ಯಂತ್ರಕ್ಕೆ ಹಬ್ಬದ ದಿನ ವಿಶ್ರಾಂತಿ ಕೊಡಲು ನಿಮ್ಮ ತಕರಾರೇನು? ತೊಂಬತ್ತರ ದಶಕದ ಕೊನೆಯಲ್ಲಿ, ಪುಣೆಯ ಪ್ರಯೋಗಾಲಯವೊಂದರಲ್ಲಿ ಕನ್ನಡಿಗರೇ ಆದ ಹಿರಿಯ ಮೆಕ್ಯಾನಿಕ್ಕರೊಬ್ಬರು ಹೀಗೆ ಕೇಳಿದಾಗ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಹಿಗ್ಗಿನಿಂದ ಗಂಟಲು ಸರಿಪಡಿಸಿಕೊಂಡೆ.

ನನ್ನ ತಂಗಿ ಅಲ್ಲಿ ಎಂಜಿನಿಯರ್. ದೂರದ ಗ್ಯಾಲಕ್ಸಿಗಳಿಂದ ಬರುವ ಕ್ಷೀಣ ರೇಡಿಯೋ ಅಲೆಗಳನ್ನು ಹಿಗ್ಗಿಸುವ ಆಂಪ್ಲಿಫೈಯರನ್ನು ಮೊದಲ ಬಾರಿಗೆ ತಾನೇ ಕಟ್ಟಿದ್ದಳು. ಬೆರಳುದ್ದದ ಆ ಸಾಧನವನ್ನು ಗಾಳಿ ತೆಗೆದ ಉಕ್ಕಿನ ಡಬ್ಬದಲ್ಲಿಟ್ಟು, ಹೀಲಿಯಂ ಅನಿಲವನ್ನು ಸುತ್ತಿಸುವ ಕಂಪ್ರೆಸರಿನ ನೆರವಿನಿಂದ ಶೂನ್ಯಕ್ಕಿಂತ ಸುಮಾರು ಇನ್ನೂರೈವತ್ತು ಡಿಗ್ರಿ ಕೆಳಗೆ ತಣಿಸಬೇಕಿತ್ತು. ಇಷ್ಟೊಂದು ಚಳಿ ಏತಕ್ಕೆಂದು ಕೇಳಿದ್ದೆ.

“ಬೆಚ್ಚಗಿದ್ರ ಅದು ತಾನ ಗೊಣಗತದ ಅಣ್ಣಾ. ನೀ ಭಾಷಣ ಮಾಡೂ ಮುಂದ ಅವ್ವ ಪಿಸುಗುಟ್ಟಿದ್ದು ಯಾರಿಗರೆ ಕೇಳ್ತದೇನು? ನಿನ್ನ ಫ್ರಿಜ್ಜಿನಾಗ ಇಟ್ರ ಕೇಳ್ತದ. ಅಷ್ಟ.”

ದಸರೆಯ ಮರುದಿನ ಬೆಳಿಗ್ಗೆ ರೇಡಿಯೋ ದೂರದರ್ಶಕದ ಕಡೆಯವರು ಬಂದು ಅದರ ಗೊಣಗಾಟ ಎಷ್ಟೆಂದು ಅಳೆಯುವವರಿದ್ದರು. ಅವರ ರಿಸೀವರಿನಲ್ಲಿ ಒಂದೇ ಜಾಗ ಖಾಲಿಯಿತ್ತು. ತಂಗಿಯ ಆಂಪ್ಲಿಫೈಯರ್ ಸಿದ್ಧವಿಲ್ಲದಿದ್ದರೆ ಆ ಜಾಗ ಬೇರೆಯವರ ಪಾಲಾಗುತ್ತಿತ್ತು. ಆದರೆ ಮೆಕ್ಯಾನಿಕ್ಕರ ಪದ್ಧತಿಯ ಪ್ರಕಾರ ದಸರೆಯ ಮುನ್ನಾದಿನವಾದ ಖಂಡೇನವಮಿಯ ಆಯುಧಪೂಜೆಯಲ್ಲಿ ಪೂಜೆಗೊಂಡ ಯಾವ ಯಂತ್ರವೂ ದಸರೆ ಮುಗಿಯುವವರೆಗೆ ಓಡಬಾರದು. ಲೇಥು, ಡ್ರಿಲ್ಲು, ಸ್ಕ್ರೂಡ್ರೈವರುಗಳೆಲ್ಲ ಆಗಲೇ ಕುಂಕುಮ ಹಚ್ಚಿಸಿಕೊಂಡು ಮಲಗಿದ್ದವು. ಉಳಿದದ್ದು ಕಂಪ್ರೆಸರ್ ಒಂದೇ. ಅದು ನಿಂತರೆ ಡಬ್ಬ ಬೆಚ್ಚಗಾಗುತ್ತದೆ. ಮತ್ತೆ ಆ ಚಳಿಗೆ ಇಳಿಯಲು ಒಂದು ದಿನ ಸಾಲದು.

ವರ್ಷವಿಡೀ ಆ ಕಂಪ್ರೆಸರನ್ನು ಮಗುವಿನಂತೆ ನೋಡಿಕೊಂಡ ಹಿರಿಯರನ್ನು ಗದರಿಸಲು ತಂಗಿಗೆ ಬಾಯಿ ಬರಲಿಲ್ಲ. ಪುಣೆಯಲ್ಲೇ ಯೆರವಡಾದಲ್ಲಿದ್ದ ನಮ್ಮ ಮನೆಗೆ ಫೋನು ಮಾಡಿದಳು.

“ಮೂಢನಂಬಿಕೆ ಮ್ಯಾಲೆ ಊರಿಗೆಲ್ಲ ಹೇಳ್ತೀಯಲ್ಲ ಅಣ್ಣಾ, ಇವತ್ತೊಂದಿನ ಉಪಯೋಗಕ್ಕ ಬಾ.”

ಸ್ಕೂಟರಿನ ಮೇಲೆ ಬರುತ್ತಲೇ ಮೂರು ಅಂಶಗಳ ವಾದವನ್ನು ಹೆಣೆದಿದ್ದೆ. “ಮೊದಲನೆಯದಾಗಿ, ವಿಶ್ರಾಂತಿ ಎಂಬುದು ಜೀವಿಗಳ ಧರ್ಮವೇ ಹೊರತು ಜಡವಸ್ತುಗಳದ್ದಲ್ಲ” ಎಂದು ಆರಂಭಿಸಿದೆ. ಮೆಕ್ಯಾನಿಕ್ಕರು ಚೆಂಡುಹೂವಿನ ಹಾರ ಹಿಡಿದು ವಿನಯದಿಂದ ಕೇಳಿಸಿಕೊಂಡರು.

“ಛಲೋ ಮಾತಾಡ್ತೀರ್ರಿ ಸಾಹೇಬ್ರ. ನೀವು ಎರಡನೇದು ಹೇಳೂದ್ರಾಗ ನಾ ಸ್ವಿಚ್ ಬಂದ್ ಮಾಡಿ ಬರ್ತೀನಿ.”

ತಂಗಿ ಅಡ್ಡ ನಿಂತಳು. “ಕಾಕಾ, ಈ ಪದ್ಧತಿ ಎಲ್ಲಿ ಕಲ್ತ್ರಿ?”

“ಇನ್ನೆಲ್ಲಿ? ದೌಂಡದಾಗರಿ. ಅರ್ಧಾ ಆಯುಷ್ಯ ಅಲ್ಲೇ ರೈಲ್ವೆ ಶೆಡ್ಡಿನಾಗ ಹೋತು.”

“ಹಂಗಾರ ಖಂಡೇನವಮಿಗೆ ರೈಲು ಓಡ್ತಿದ್ದಿಲ್ಲೇನ್ರಿ?”

ಅವರು ಸ್ವಿಚ್ಚಿನ ಕಡೆಯಿಂದ ತಂಗಿಯತ್ತ ತಿರುಗಿದರು. “ಓಡದ ಏನ್ ಮಾಡ್ತಾವ್ರಿ ಬಾಯಾರ? ಶೆಡ್ಡಿನಾಗ ನಿಂತದ್ದಕ್ಕ ರಜಾ. ಸೋಲಾಪುರಕ್ಕ ಹೊಂಟ ಇಂಜಿನ್ನಿಗೆ ಚಾಲೂ ಇದ್ದಂಗ ಹಾರ ಹಾಕಿ, ಆರತಿ ಮಾಡಿ ಕಳಸತಿದ್ವಿ.” ಕಂಪ್ರೆಸರಿನ ಸದ್ದನ್ನು ತುಸು ಹೊತ್ತು ಆಲಿಸಿದರು. “ಇದೂ ಹೊಂಟ ಗಾಡೀನ ಅನ್ರಿ.”

“ಹೌದ್ರಿ ಕಾಕಾ. ಭಾಳ ದೂರ ಹೊಂಟದ.”

ಕಂಪ್ರೆಸರ್ ಓಡುತ್ತಲೇ ಹಾರ ಹಾಕಿಸಿಕೊಂಡಿತು. ಕುಂಕುಮದ ಪುಡಿ ಉಕ್ಕಿನ ಡಬ್ಬದ ಹತ್ತಿರ ಸುಳಿಯಬಾರದೆಂಬ ತಂಗಿಯ ಷರತ್ತಿಗೆ ಅವರು ತಕ್ಷಣ ಒಪ್ಪಿದರು. ಕಾಯಿ ಒಡೆಯುವ ಕೆಲಸ ಅಂಗಳದಲ್ಲಿ ನನ್ನ ಪಾಲಿಗೆ ಬಂತು. ಎರಡನೆಯ, ಮೂರನೆಯ ಅಂಶಗಳನ್ನು ಅಲ್ಲಿ ಯಾರೂ ವಿಚಾರಿಸಲಿಲ್ಲ.

ದಸರೆಯ ಮರುದಿನ ಅಳೆಯಲು ಬಂದವರು ಮೀಟರು ನೋಡಿ, ಮರಾಠಿಯಲ್ಲಿ “ಛಾನ್”, ಅಂದರೆ ಸೊಗಸಾಗಿದೆ, ಎಂದಷ್ಟೇ ಹೇಳಿ, ಇನ್ನೊಮ್ಮೆ ಅಳೆದರು. ಖಾಲಿ ಜಾಗ ತಂಗಿಗೇ ಸಿಕ್ಕಿತು. ಆಕೆ ಮೊದಲ ಪೇಢೆಯನ್ನು ಮೆಕ್ಯಾನಿಕ್ಕರಿಗೆ ಕೊಟ್ಟಳು. ನನಗೂ ಬಂತು, ಅರ್ಧ.

ಸುಧಾರಣೆಯ ಮೇಲೆ ನನಗಿರುವ ಶ್ರದ್ಧೆ ಇಂದಿಗೂ ಕುಂದಿಲ್ಲ. ಆದ್ದರಿಂದಲೇ ಓದುಗರಲ್ಲಿ ಒಂದು ವಿನಂತಿ: ನಿಮ್ಮ ಕಚೇರಿಯಲ್ಲಿ ಯಾವುದಾದರೂ ಪದ್ಧತಿ ಕೆಲಸಕ್ಕೆ ಅಡ್ಡ ಬಂದರೆ, ಅದನ್ನು ಖಂಡಿಸುವ ಮೊದಲು, ಪಾಲಿಸುವವರು ಅದನ್ನು ಎಲ್ಲಿ ಕಲಿತರು, ಅಲ್ಲಿ ಹೇಗೆ ನಡೆಸುತ್ತಿದ್ದರು ಎಂದು ಅವರನ್ನೇ ಕೇಳಿ.